ಸಾಕು ಅಂದರೂ ಬಡಿಸುವವರು

ಬೆಂಗಳೂರಿಗೆ ಬಂದ ಮೊದಲ ದಿನವೇ ನಾನು ಅರೆಹೊಟ್ಟೆಯಲ್ಲಿ ಮಲಗಿದೆ. ಕೈಯಲ್ಲಿ ಹಣವಿತ್ತು, ಎದುರಿಗೆ ಅನ್ನದ ಬಕೆಟ್ಟೂ ಇತ್ತು. ಕೆ.ಆರ್. ಪುರದ ಒಂದು ಹೋಟೆಲಿನಲ್ಲಿ ಬಡಿಸುವವನು ಎರಡನೇ ಸಲ ಬಂದಾಗ "ಸಾಕ್ರಿ" ಎಂದೆ. ಅವನು ನಿಜಕ್ಕೂ ಮುಂದಿನ ಮೇಜಿಗೆ ಹೋಗಿಬಿಟ್ಟ! ತಟ್ಟೆಯಲ್ಲಿ ಉಳಿದ ಸಾರನ್ನು ನೋಡುತ್ತ ಕೂತೆ.

ಗದಗಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಮೊದಲ "ಸಾಕು" ಲೆಕ್ಕಕ್ಕಿಲ್ಲ. ಎರಡನೆಯದು ಮರ್ಯಾದೆಗೆ. ಮೂರನೆಯ ಸಲ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದರೂ ಬಡಿಸುವವರು ಸಂದಿಯಲ್ಲಿ ಅರ್ಧ ರೊಟ್ಟಿ ತೂರಿಸಿಯೇ ಹೋಗುತ್ತಾರೆ. ಕೇಳಿ ಹಾಕಿಸಿಕೊಂಡವಳು ಹೊಟ್ಟೆಬಾಕಿ, ಒತ್ತಾಯ ಮಾಡದೆ ಬಡಿಸಿದವಳು ಜಿಪುಣಿ. ಐವತ್ತು ವರ್ಷ ಹೀಗೆ ಉಂಡ ನನ್ನನ್ನು ಶಿವಾಜಿನಗರದ ಶಾಲೆಯೊಂದಕ್ಕೆ ಕನ್ನಡ ಕಲಿಸಲು ವರ್ಗ ಮಾಡಿದರು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚಬಾರದೆಂದು ಓನರಮ್ಮನ ಕರಾರು. ಊರಿಗೆ ವಾಪಸ್ ವರ್ಗ ಕೇಳುವ ಅರ್ಜಿಯನ್ನು ಮೊದಲ ವಾರವೇ ಬರೆದು ಚೀಲದಲ್ಲಿಟ್ಟೆ. ವರ್ಷ ತುಂಬಿದ ಮೇಲೆ ಕೊಡಿ ಎಂದು ಕಚೇರಿಯವರು ಹೇಳಿದ್ದರು. ಒತ್ತಾಯ ಮಾಡಿ ಉಣಿಸುವವರು ಒಬ್ಬರೂ ಇಲ್ಲದ ಊರಲ್ಲಿ ಯಾಕಿರಬೇಕು ಎಂಬುದೊಂದೇ ನನ್ನ ವಾದ.

ಶಾಲೆಗೆ ಹೋಗುವ ದಾರಿಯ ಹಲಸೂರಿನಲ್ಲಿ ಸೆಲ್ವಿ ಅಕ್ಕನ ಇಡ್ಲಿ ಗಾಡಿಯಿದೆ. ಅವಳ ಅಪ್ಪ ಅಮ್ಮ ವೇಲೂರಿನ ಕಡೆಯಿಂದ ಬಂದವರಂತೆ. ಇಡ್ಲಿಗೆ ವಡೆಕರಿ ಹಾಕುತ್ತಾಳೆ, ಅಂದರೆ ಕಡಲೆಬೇಳೆ ವಡೆ ಮುರಿದು ಮಸಾಲೆಯಲ್ಲಿ ಕುದಿಸಿದ್ದು. ಅಲ್ಲಿಯೂ "ಎರಡೇ ಸಾಕು" ಎಂದೆ, ಎರಡೇ ಸಿಕ್ಕವು. ಶಾಲೆಯ ಉರ್ದು ಟೀಚರ್ ನಸ್ರೀನ್ ಒಂದು ದಿನ ಚಹಾದಂಗಡಿಗೆ ಕರೆದುಕೊಂಡು ಹೋದಳು. ಬಿಸ್ಕಿಟ್ ಬೇಡವೆಂದೆ. ಎರಡನ್ನೂ ಅವಳೇ ತಿಂದಳು. ನನ್ನ ಮುಖ ನೋಡಿ ಕಾರಣ ಕೇಳಿದಳು, ಹೇಳಿದೆ. ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು.

"ಅಯ್ಯೋ ಟೀಚರ್, ಬೇಕು ಅಂದ್ರೆ ಬೇಕು ಅನ್ನಿ. ಇಲ್ಲಿ ಯಾರಿಗ್ರೀ ಟೈಮಿದೆ ಮೂರ್ ಸಲ ಕೇಳೋಕೆ?"

ಕಲಿತೆ. ಸೆಲ್ವಿ ಅಕ್ಕನ ಗಾಡಿಯೆದುರು "ಇನ್ನೊಂದು ಹಾಕಿ" ಎಂದು ಗಟ್ಟಿಯಾಗಿ ಹೇಳಿದ ದಿನ ಹೊಟ್ಟೆ ತುಂಬಿತು, ಭಿಕ್ಷೆ ಬೇಡಿದಷ್ಟು ನಾಚಿಕೆಯೂ ಆಯಿತು. ಶಿವಾಜಿನಗರದ ಬಸ್ಸಿನಲ್ಲಿ ನಿಂತು ಬರುವ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ದಿನಕ್ಕೆ ಮೂರು ಹೊತ್ತು ಬೇಕು ಬೇಕು ಎಂದು ಬಾಯಿಬಿಡುವ ದಣಿವು ಹೋಗುವುದಿಲ್ಲ.

ರಾತ್ರಿಯೂಟಕ್ಕೆ ಕೋಣೆಯ ಹತ್ತಿರದ ತಗಡಿನ ಹೋಟೆಲೊಂದು ಗೊತ್ತಾಯಿತು. ನಡೆಸುವವಳು ಒಡಿಶಾದ ಮಾಲತಿ. ಗಂಡ ಬೇಯಿಸುತ್ತಾನೆ, ಇವಳು ಬಡಿಸುತ್ತಾಳೆ. ಉಣ್ಣುವವರು ಕಟ್ಟಡದ ಕೆಲಸದವರು, ಮತ್ತೆ ನಾನು. ಅನ್ನಕ್ಕೆ ಡಾಲ್ಮಾ, ಎಂದರೆ ಬೇಳೆಯಲ್ಲಿ ಬಾಳೆಕಾಯಿ, ಕುಂಬಳ, ಬದನೆ ಬೇಯಿಸಿದ್ದು. ಖಾರವೆಂಬುದಿಲ್ಲ. ಊರಿನಿಂದ ತಂದ ಗುರೆಳ್ಳು ಚಟ್ನಿಪುಡಿಯನ್ನು ಉದುರಿಸಿಕೊಂಡು ತಿನ್ನುತ್ತಿದ್ದೆ.

ಒಂದು ಸಂಜೆ ತಲೆ ಸಿಡಿಯುತ್ತಿತ್ತು. ನಾಲ್ಕು ತುತ್ತು ತಿಂದು "ಸಾಕು" ಎಂದೆ. ಈ ಸಲ ನಿಜವಾಗಿಯೂ ಸಾಕಾಗಿತ್ತು. ಮಾಲತಿ ಒಂದು ಸೌಟು ಅನ್ನ ಹಾಕಿಯೇಬಿಟ್ಟಳು. ಕೈ ಅಡ್ಡ ಹಿಡಿದೆ. ಕೈಯನ್ನೇ ಪಕ್ಕಕ್ಕೆ ಸರಿಸಿ ಮತ್ತೆ ಹಾಕಿದಳು.

"ಸುಮ್ನೆ ತಿನ್ನಿ ದೀದಿ. ನಮ್ ಊರಲ್ಲಿ ಸಾಕು ಅಂದ್ರೂ ಹಾಕ್ತಾರೆ."

"ಇಲ್ಲಿ ನಿನಗ್ಯಾರು ಹಾಕ್ತಾರವ್ವಾ?" ಎಂದು ಕೇಳಿದೆ.

"ನಂಗಾ? ಎಲ್ರೂದೂ ಆದ್ಮೇಲೆ ಪಾತ್ರೆಲಿ ಉಳ್ದಿದ್ದು ನಾನೇ ತಿನ್ನೋದು."

ನನಗೆ ಅಳು ಬಂತು, ಮರೆಮಾಚಲಿಲ್ಲ. ಎದ್ದು ಕೈತೊಳೆದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಸೌಟು ಕಿತ್ತುಕೊಂಡೆ. ಅವಳು ಸಾಕು ಸಾಕು ಎಂದಳು. ಗದಗಿನವಳ ಹತ್ತಿರ ಅದೆಲ್ಲ ನಡೆಯುತ್ತದೆಯೇ? ಅವಳ ಗಂಡ ಒಲೆಯ ಮುಂದಿನಿಂದ ಬಾಗಿ ನೋಡಿ ನಗುತ್ತಿದ್ದ.

ವರ್ಷ ತುಂಬಿದ ಮೇಲೆ ರಜೆಗೆ ಊರಿಗೆ ಹೋದೆ. ತಂಗಿ ಗಿರಿಜಾ ರೊಟ್ಟಿಯ ಬುಟ್ಟಿ ಹಿಡಿದು ಬಂದಳು. "ಅಕ್ಕಾ, ಇನ್ನೊಂದ ಹಾಕ್ಲ್ಯಾ?"

"ಹಾಕು, ಎರಡು ಹಾಕು" ಎಂದುಬಿಟ್ಟೆ. ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅಯ್ಯ, ಅಕ್ಕಗ ಬೆಂಗಳೂರ ಗಾಳಿ ಬಡದೈತಿ! ಮನಸಿನ್ಯಾಗಿದ್ದದ್ದು ಬಾಯಾಗ ಬರ್ತೈತಿ ಈಗ" ಎಂದು ನಕ್ಕಳು ಗಿರಿಜಾ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ರೊಟ್ಟಿ ಮುಗಿಯಿತು, ಮತ್ತೆ ಬಂದಳು. ಹಳೆಯ ರೂಢಿಯಂತೆ "ಸಾಕವಾ" ಎಂದೆ. ಗಿರಿಜಾ ನನ್ನ ಮಾತನ್ನು ಪೂರ್ತಿ ನಂಬಿ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಮರಳಿ ಬಂದ ದಿನ ಚೀಲವನ್ನು ಕೋಣೆಯಲ್ಲಿಟ್ಟು ನೇರ ಮಾಲತಿಯ ಹೋಟೆಲಿಗೆ ಹೋದೆ. ಅರ್ಜಿ ಚೀಲದಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಮೊದಲ ಅನ್ನ ಮುಗಿಯಿತು. ಹಸಿವು ಇನ್ನೂ ಇತ್ತು. "ಸಾಕು" ಎಂದು ಹೇಳಿ, ತಟ್ಟೆಗೆ ಕೈ ಅಡ್ಡ ಹಿಡಿದು ಕಾದೆ.