ಐರ್ಲಿಸ್ ಸಾಕಿದ ಟ್ರೌಟ್ ಮರಿಗಳು

ಬೆಳಗಿನ ಐದೂವರೆ. ವೇಲ್ಸ್‌ನ ನಮ್ಮ ಕಣಿವೆಯ ಶಾಲೆಯಲ್ಲಿ ನಾಲ್ಕನೇ ತರಗತಿಯ ದೀಪ ಮಾತ್ರ ಉರಿಯುತ್ತಿದೆ. ಕಸ ಗುಡಿಸುವ ಐರ್ಲಿಸ್ ಪ್ರಾಸರ್ ಪೊರಕೆ ಮುಟ್ಟುವ ಮೊದಲು ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ, ತಳದಲ್ಲಿ ಉಳಿದ ಆಹಾರದ ಚೂರುಗಳನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ. ಟ್ರೌಟ್ ಮೀನಿನ ಮರಿಗಳು ಕೊಳವೆಗೆ ಮುತ್ತುತ್ತವೆ. "ಸರೀರೋ ಆಕಡೆ, ನಿಮ್ಮಪ್ಪನ ಮನೆ ಗಂಟೇನೂ ಹೊತ್ಕೊಂಡು ಹೋಗ್ತಿಲ್ಲ!"

ಮಕ್ಕಳು ಸಾಕಿ ಹೊಳೆಗೆ ಬಿಡಲೆಂದು ಜನವರಿಯಲ್ಲಿ ಶಾಲೆಗೆ ಬಂದ ಮೊಟ್ಟೆ ನೂರು, ಈಗ ಈಜುತ್ತಿರುವ ಮರಿ ಎಂಬತ್ತೊಂದು. ನೀರು ಸದಾ ತಣ್ಣಗಿರಬೇಕು. ಸತ್ತು ಬೆಳ್ಳಗಾದ ಮೊಟ್ಟೆಯನ್ನು ಅಂದೇ ತೆಗೆಯದಿದ್ದರೆ ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತದೆ. ಹಾಗಾಗಿ ಐರ್ಲಿಸ್ ಭಾನುವಾರವೂ ಬರುತ್ತಾರೆ, ಯಾರೂ ಹೇಳದಿದ್ದರೂ.

ನಾಲ್ಕು ವರ್ಷದ ಹಿಂದೆ ತೊಟ್ಟಿ ಹೊಸದಾಗಿ ಬಂದಾಗ, ನೀರು ಸೋಸುವ ಸ್ಪಂಜು ಕಂದುಗಟ್ಟಿದ್ದು ಕಂಡು ಇವರ ಕೈ ಸುಮ್ಮನಿರಲಿಲ್ಲ. ಸೋಪು ಹಾಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟರು. ನೀರನ್ನು ಶುದ್ಧವಾಗಿಡುವ ಜೀವಾಣುಗಳು ಇದ್ದದ್ದೇ ಆ ಕೊಳೆಯಲ್ಲಿ. ಮೂರನೇ ದಿನ ಮರಿಗಳೆಲ್ಲ ಸತ್ತು ತೇಲಿದವು.

"ಮಕ್ಕಳು ಅಳೋದು ಹೊರಗಡೆವರೆಗೂ ಕೇಳ್ತಿತ್ತು. ಬಕೆಟ್ ಹಿಡ್ಕೊಂಡೇ ಒಳಗೋಗಿ, ನಾನೇ ಕಣ್ರಪ್ಪಾ ಮಾಡಿದ್ದು ಅಂದೆ. ಆ ಕ್ಲಾಸಿನ ಪೆನ್ರಿ ಮೇಷ್ಟ್ರು ಒಂದು ಮಾತೂ ಬೈಲಿಲ್ಲ. 'ಬನ್ನಿ, ಹೇಗೆ ಸಾಕೋದು ಅಂತ ಒಟ್ಟಿಗೇ ಕಲಿಯೋಣ' ಅಂದ್ರು. ಆ ಋಣ ಸಣ್ಣದಾ ಹೇಳಿ?"

ಪ್ರತಿ ವಸಂತದಲ್ಲೂ ಮಕ್ಕಳು ಮರಿಗಳನ್ನು ಹೊಳೆಗೆ ಬಿಡುವುದು ಬೆಳಿಗ್ಗೆ ಹತ್ತಕ್ಕೆ. ಅಷ್ಟು ಹೊತ್ತಿಗೆ ಐರ್ಲಿಸ್ ತಮ್ಮ ಎರಡನೇ ಕೆಲಸದಲ್ಲಿ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿರುತ್ತಾರೆ; ಎಂಟೂವರೆಗೆ ಅಲ್ಲಿರಬೇಕು. ತಾವು ಸಾಕಿದ ಒಂದು ಮರಿಯೂ ಹೊಳೆಗೆ ಇಳಿಯುವುದನ್ನು ಅವರು ನೋಡಿಲ್ಲ. "ಒಂದ್ಸಲ ನೋಡ್ಬೇಕು ಅಂತ ಆಸೆ, ಅಷ್ಟೇ," ಎಂದು ನನ್ನೊಡನೆ ಅಂದದ್ದು ಎಂಟು ವರ್ಷದ ಮಾಬ್ಲಿಯ ಕಿವಿಗೆ ಬಿತ್ತು. ಇನ್ನು ಕೇಳಬೇಕೆ? ಇಡೀ ತರಗತಿ ಪೆನ್ರಿ ಮೇಷ್ಟ್ರ ಬೆನ್ನು ಹತ್ತಿತು. ಈ ವರ್ಷ ಮರಿ ಬಿಡುವ ಹೊತ್ತು ಬೆಳಿಗ್ಗೆ ಏಳಕ್ಕೆ ಬಂತು.

ಮರಿ ಬಿಡುವ ಶುಕ್ರವಾರ ಅಪ್ಪ ಅಮ್ಮಂದಿರು ಗೊಣಗುತ್ತಲೇ ಎದ್ದರು, ಆದರೆ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಹೊಳೆ ದಂಡೆಯಲ್ಲಿ ಕೊರೆಯುವ ಚಳಿ. ಮಾಬ್ಲಿ ಕೊನೆಯ ಮರಿ ಇದ್ದ ಲೋಟವನ್ನು ಐರ್ಲಿಸ್ ಕೈಗಿತ್ತಳು. ಅವರು ಬಗ್ಗಿ ಲೋಟವನ್ನು ನೀರಿನಲ್ಲಿ ಓರೆ ಮಾಡಿದರು. ಮರಿ ಅಂಚಿಗೆ ಬಂದು ಅಲ್ಲೇ ನಿಂತಿತು.

"ಐರ್ಲಿಸ್ ಆಂಟಿ, ಅದು ಹೋಗ್ತಾನೇ ಇಲ್ಲ! ಸ್ವಲ್ಪ ತಳ್ಳಿ!"

"ಸುಮ್ನಿರೇ ಪುಟ್ಟಿ, ಅದಕ್ಕೆ ಬೇಕಾದಾಗ ಹೋಗ್ಲಿ," ಎಂದರು ಐರ್ಲಿಸ್. "ಇವತ್ತು ಎಂಟು ಗಂಟೆವರೆಗೂ ನಾನು ಇಲ್ಲೇ ಇರ್ತೀನಿ."