ವಾಟರ್ ಪಾರ್ಕಿನಲ್ಲಿ ಎಪ್ಪತ್ತೈದು ದೀಪ

ಉದಗೀರದಿಂದ ಫೋನು ಬಂದಾಗ ನಾನು ಅಂಗಡಿಯಲ್ಲಿ ಒಂದು ಹಳೆಯ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹರಿದ ಜಾಗವನ್ನು ಒಳಮಡಿಕೆಗೆ ಸೇರಿಸಿ, ಜರಿ ಮಾತ್ರ ಮೇಲೆ ಕಾಣುವಂತೆ ಮಡಚಿಕೊಂಡು ಬರುವುದು ಉಮರ್ಗಾದ ಹೆಂಗಸರಿಗೆಲ್ಲ ಗೊತ್ತು. ಅದನ್ನು ಬಿಚ್ಚಿ ನೋಡುವುದು ನನಗೆ ಗೊತ್ತು. ಹಳೆ ಬಟ್ಟೆ ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವ ಈ ವ್ಯಾಪಾರವನ್ನು ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಕಲಿತೆ. ಆಳಂದದ ಕಡೆಯಿಂದ ಈ ಮರಾಠಿ ಸೀಮೆಗೆ ಸೊಸೆಯಾಗಿ ಬಂದಾಗ ನನಗೆ ಬರುತ್ತಿದ್ದ ಮರಾಠಿ ‘ನಕೋ’, ಅಂದರೆ ಬೇಡ, ಎಂಬ ಒಂದೇ ಮಾತು. ವ್ಯಾಪಾರಕ್ಕೆ ಅಷ್ಟು ಸಾಕಾಯಿತು.

ಫೋನು ಮಾಡಿದವಳು ನಮ್ಮ ಮಗಳನ್ನು ನೋಡಿ ಹೋಗಿದ್ದ ಹುಡುಗನ ತಾಯಿ. ಹುಡುಗಿ ಒಪ್ಪಿಗೆ ಎಂದಿದ್ದರು, ಮಾತುಕತೆ ಇನ್ನೂ ಆಗಿರಲಿಲ್ಲ.

“ಅಕ್ಕಾರ, ನಮ್ಮ ಅತ್ತಿಗಿ, ಹುಡುಗನ ಆಯಿಗಿ, ಎಪ್ಪತ್ತೈದು ತುಂಬ್ಲತ್ತಾವ. ಹುಡುಗರು ಸೋಲಾಪುರ ರೋಡಿಗಿ ರಿಸಾರ್ಟ್ ಬುಕ್ ಮಾಡ್ಯಾರ. ವಾಟರ್ ಪಾರ್ಕ್ ಅದ, ಆಕಾಶದೆತ್ತರ ತಿರಗೂ ತೊಟ್ಟಲಾ ಅದ. ನೀವು ಮೂವರೂ ಬರಬೇಕು. ಹುಡುಗೀನ ಮಾತ್ರ ಬಿಟ್ಟು ಬರಬ್ಯಾಡ್ರಿ ಮತ್ತ.”

ಬರುತ್ತೇವೆ ಎಂದು ಹೇಳಿ ಫೋನು ಇಟ್ಟೆ. ಸೀರೆ ತಂದವಳನ್ನು ನಾಳೆ ಬಾ ಎಂದು ಕಳಿಸಿದೆ. ಯಾರಾದರೂ ನಾವು ಕೇಳದೆಯೇ ಏನನ್ನಾದರೂ ಕೊಡಲು ಬಂದರೆ, ಕೊಡುವ ಕೈಯನ್ನಲ್ಲ, ಇನ್ನೊಂದು ಕೈಯನ್ನು ನೋಡಬೇಕು. ಇದು ನನ್ನ ಅನುಭವದ ಮಾತು. ಹುಡುಗನ ಅಜ್ಜಿಯ ಹುಟ್ಟುಹಬ್ಬಕ್ಕೆ, ಇನ್ನೂ ಬೀಗರಾಗದ ನಾವು ಯಾಕೆ? ಅದೂ ವಾಟರ್ ಪಾರ್ಕಿಗೆ ಯಾಕೆ? ಹುಡುಗಿಯನ್ನು ಬಿಟ್ಟು ಬರಬೇಡಿ ಎಂದು ಒತ್ತಿ ಹೇಳಿದ್ದು ಯಾಕೆ?

ನನಗೆ ಉತ್ತರ ಹೊಳೆದಿತ್ತು. ಮಗಳ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯವರೆಗೆ, ಸುಟ್ಟ ಕಲೆ ಇದೆ. ಚಿಕ್ಕವಳಿದ್ದಾಗ ಸ್ನಾನದ ಹಂಡೆಯ ಕುದಿನೀರು ಚೆಲ್ಲಿ ಆದದ್ದು. ನಡೆಯಲು ತೊಂದರೆಯಿಲ್ಲ. ನಿಲಂಗಾದ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳುತ್ತಾಳೆ. ಆದರೆ ಚರ್ಮ ಸುಕ್ಕುಗಟ್ಟಿ ಬೇರೆ ಬಣ್ಣವಾಗಿದೆ. ನೋಡಲು ಬಂದವರಿಗೆ ನಾವು ಅದನ್ನು ಹೇಳಿರಲಿಲ್ಲ. ಯಾರೋ ಸುಳಿವು ಕೊಟ್ಟಿರಬೇಕು, ಅದಕ್ಕೇ ನೀರಿಗಿಳಿಸಿ ನೋಡುವ ಹುನ್ನಾರ ಎಂದುಕೊಂಡೆ.

ನನ್ನ ಗಂಡ ದರ್ಜಿ. ನಾನು ತಂದ ಹಳೆ ಬಟ್ಟೆಗೆ ಹೊಲಿಗೆ ಹಾಕಿ ಮತ್ತೆ ಉಡುವಂತೆ ಮಾಡುವವರು ಅವರೇ. ಮಶೀನಿನ ಮೇಲಿಂದ ತಲೆ ಎತ್ತದೆ ಹೇಳಿದರು:

“ಕಾಲಿಂದು ಮೊದಲೇ ಹೇಳಿಬಿಡೂನು.”

“ಹೇಳಿದ ಮ್ಯಾಲ ಮಾತುಕತ್ಯಾಗ ನಮ್ಮ ಕೈಯಾಗ ಏನುಳೀತದ? ಅದೊಂದೇ ಹಿಡಕೊಂಡು ಜಗ್ಗತಾರ.”

“ಸೀರಿ ಮಾರಿದಂಗ ಮಾತಾಡ್ತಿ ನೋಡು.”

“ಸೀರಿ ಮಾರೇ ಓದಿಸೀನಿ ಆಕೀನ.”

ಮಗಳು ಅಲ್ಲೇ ಕೂತು ಪೇಪರು ತಿದ್ದುತ್ತಿದ್ದಳು. ಏನೂ ಅನ್ನಲಿಲ್ಲ. ಏನೂ ಅನ್ನದವರ ಮೇಲೆ ನನಗೆ ಅನುಮಾನ ಹೆಚ್ಚು.

ರಿಸಾರ್ಟಿನ ಬಾಗಿಲಲ್ಲಿ ಸಿಮೆಂಟಿನ ಆನೆ ಸೊಂಡಿಲಿನಿಂದ ನೀರು ಚಿಮ್ಮಿಸುತ್ತಿತ್ತು. ಒಳಗೆ ಹೋಗುವ ಎಲ್ಲರ ಮುಂಗೈಗೂ ಹಳದಿ ಕಾಗದದ ಪಟ್ಟಿ ಸುತ್ತಿದರು. ಅದು ಹರಿಯದೆ ಬಿಚ್ಚುವುದಿಲ್ಲ. ಎಳೆದು ನೋಡಿದೆ. ರೂಮು ತೋರಿಸಿದರು. ಇಂಥಲ್ಲಿಗೆ ಹೋಗುವವರಿಗೆ ಒಂದು ಮಾತು: ಹೋದ ಕೂಡಲೇ ಮೇಲಿನ ಚಾದರ ಎತ್ತಿ ಕೆಳಗಿನದನ್ನು ನೋಡಿ. ಮೇಲಿನದನ್ನು ಎಲ್ಲರೂ ತೊಳೆಯುತ್ತಾರೆ.

ಹುಡುಗನ ಮನೆಯವರು ಮೊದಲಿನಿಂದ ಕುರಿ ಸಾಕಿದವರು, ಬೀರಪ್ಪನ ಒಕ್ಕಲು, ಮನೆಯಲ್ಲಿ ನಮ್ಮಂತೆಯೇ ಕನ್ನಡ. ಹುಡುಗ ಉದಗೀರದಲ್ಲಿ ನೀರಿನ ಮೋಟರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವನ ಅಜ್ಜಿ ಮಾತ್ರ ಇನ್ನೂ ವಲಾಂಡಿಯ ಹೊಲದಲ್ಲಿ ಕುರಿಗಳ ಜೊತೆಗೇ ಇರುವವಳು. ಆ ಅಜ್ಜಿಗೆ ಹುಟ್ಟಿದ ದಿನ ಗೊತ್ತಿಲ್ಲ. ಆಧಾರ್ ಕಾರ್ಡು ಮಾಡಿದವನು ಒಂದು ತಾರೀಖು ಹಾಕಿದ್ದಾನೆ, ಅದನ್ನೇ ಮೊಮ್ಮಕ್ಕಳು ಹಿಡಿದುಕೊಂಡಿದ್ದಾರೆ.

ನಾವು ಹೋದಾಗ ಅಜ್ಜಿ ರಿಸಾರ್ಟಿನ ‘ಹಳ್ಳಿ’ ಎಂಬ ಮೂಲೆಯಲ್ಲಿದ್ದಳು. ಅಲ್ಲಿ ಬಣ್ಣ ಬಳಿದ ಚಕ್ಕಡಿ, ಗುಡಿಸಲು, ಫೋಟೋ ತೆಗೆಸಿಕೊಳ್ಳಲು ಕಟ್ಟಿದ ಎರಡು ಕುರಿ. ಅಜ್ಜಿ ಒಂದು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದಳು.

“ಮರಿ ಅಂತ ಬೋರ್ಡ್ ಹಾಕ್ಯಾರ. ಹಲ್ಲು ನೋಡು, ನನ್ನ ವಾರಿಗೀದು. ಇವತ್ತೇ ಇದರ ಹುಟ್ಟಹಬ್ಬಾನೂ ಮಾಡಿಬಿಡ್ರಿ,” ಎಂದಳು. ಆಮೇಲೆ ನನ್ನನ್ನು ನೋಡಿ, “ಬಂದೇನವಾ? ಹಿಂದಕ್ಕ ಯಾಕ ಸರೀತಿ? ನಿನ್ನ ಹಲ್ಲು ನೋಡಂಗಿಲ್ಲ, ಬಾ,” ಎಂದಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕುರಿ ಕೊಳ್ಳುವವರ ಮನೆತನ ಇದು, ಬಾಯಿ ಬಿಡಿಸದೆ ಬಿಡುವವರಲ್ಲ ಎಂದು ಲೆಕ್ಕ ಹಾಕಿದೆ.

ನೀರಿಗಿಳಿಯುವ ಜಾಗದಲ್ಲಿ ಬಟ್ಟೆಯ ಕೌಂಟರು ಇತ್ತು. ಸೀರೆ, ಸಲವಾರು ಉಟ್ಟವರನ್ನು ಜಾರುಬಂಡಿಗೆ ಬಿಡುವುದಿಲ್ಲ. ಅವರು ಕೊಡುವ ನೈಲಾನ್ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಹುಡುಗನ ತಂಗಿ ಒಂದು ಜೊತೆ ಹಿಡಿದು ಓಡಿ ಬಂದಳು.

“ಚಲಾ ವಹಿನಿ! ಇದು ನಿಮ್ಮ ಅಳತೀದೇ ಅದ.”

ವಹಿನಿ, ಅಂದರೆ ಅತ್ತಿಗೆ. ಮಾತುಕತೆಗೆ ಮೊದಲೇ ಅತ್ತಿಗೆ! ಆಕೆಯ ಕೈಯಲ್ಲಿದ್ದ ಚಡ್ಡಿ ಮೊಣಕಾಲಿಗೇ ಮುಗಿಯುತ್ತಿತ್ತು. ಮಗಳು ಕೈ ಚಾಚಿದಳು. ಅವಳು ತೆಗೆದುಕೊಳ್ಳುವ ಮೊದಲೇ ನಾನು ನಡುವೆ ನಿಂತು, ಹುಡುಗನ ತಾಯಿಯ ಕಿವಿಯಲ್ಲಿ ಹೇಳಿದೆ:

“ಆಕಿ ನೀರಿಗಿ ಬರಂಗಿಲ್ಲರೀ. ಕಾಗಿ ಮುಟ್ಟ್ಯಾದ.”

ಮುಟ್ಟಾದ ಹುಡುಗಿಯ ಬಗ್ಗೆ ನಾಲ್ಕು ಜನರ ನಡುವೆ ಹೇಳಬೇಕಾದಾಗ ನಮ್ಮ ಕಡೆ ಹಾಗೆಯೇ ಅನ್ನುವುದು. ಅದರ ಮೇಲೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ. ಆದರೆ ಹುಡುಗನ ತಾಯಿಯ ಮುಖದ ಬಣ್ಣ ಇಳಿಯಿತು.

“ಇವತ್ತೇ? ಯಾವಾಗ?”

“ಈಗೇ, ಗಾಡಿ ಇಳಿದ ಮ್ಯಾಲ ಹೇಳಿದಳು.”

ಕಾಲು ನೋಡುವ ಅವಕಾಶ ತಪ್ಪಿತಲ್ಲ, ಅದಕ್ಕೇ ಈ ಮುಖ ಎಂದುಕೊಂಡೆ. ಮಗಳು ನನ್ನನ್ನು ಒಮ್ಮೆ ನೋಡಿ ಹಿಂದಕ್ಕೆ ಸರಿದಳು.

ಮಧ್ಯಾಹ್ನವೆಲ್ಲ ಅವಳು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬಳೇ ಕೂತಳು. ಅವರ ಮನೆಯಲ್ಲಿ ಮುಟ್ಟು ನಡೆಸುತ್ತಾರೆ. ಊಟದ ತಟ್ಟೆಯನ್ನು ದೂರದಲ್ಲಿಟ್ಟು ಹೋದರು. ಹುಡುಗ ನೀರಿನಿಂದ ಎದ್ದು ತೊಟ್ಟಿಕ್ಕುತ್ತಲೇ ಬಂದು ನಾಲ್ಕು ಮಾರು ದೂರ ನಿಂತು ಏನೋ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ನಾನು ಇತ್ತ ನೆರಳಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಗೆದ್ದವಳ ಹಾಗೆ ಸಮಾಧಾನವಿತ್ತು. ನನ್ನ ಗಂಡ ಮಾತ್ರ ನನ್ನ ಪಕ್ಕ ಕೂರದೆ, ಮಗಳಿಗೆ ಐಸ್‌ಕ್ರೀಮು ತೆಗೆದುಕೊಂಡು ಹೋಗಿ, ಯಾವ ಮುಟ್ಟನ್ನೂ ಲೆಕ್ಕಿಸದೆ ಅವಳ ಪಕ್ಕದಲ್ಲೇ ಕೂತರು. ಅದು ನೋಡುವವರಿಗೆ ಅನುಮಾನ ಬರುವ ಕೆಲಸ ಎಂದು ನಾನು ದೂರದಿಂದಲೇ ಕೈಸನ್ನೆ ಮಾಡಿದೆ. ಅವರು ನೋಡದವರಂತೆ ಇದ್ದರು.

ಬಿಸಿಲು ಇಳಿದ ಮೇಲೆ ಹುಡುಗನ ತಾಯಿ ಒಂದು ದೊಡ್ಡ ಸ್ಟೀಲ್ ಡಬ್ಬಿ ತೆಗೆದುಕೊಂಡು ಬಂದು ನನ್ನೆದುರು ಕೂತಳು. ಒಳಗೆ ನಾದಿದ ಗೋಧಿ ಹಿಟ್ಟು. ಚಿಕ್ಕ ಉಂಡೆ ಹರಿದು ಹೆಬ್ಬೆರಳಿನಿಂದ ಒತ್ತಿ ದೀಪ ಮಾಡತೊಡಗಿದಳು. ನಾನೂ ಕೈ ಹಾಕಿದೆ.

“ನಿಮ್ಮ ಹುಡುಗಿ ಕೈಲೆ ನಾದಸಬೇಕಂತ ಇದ್ದೆ,” ಎಂದಳು. “ಎಪ್ಪತ್ತೈದು ದೀಪ ಹಚ್ಚಿ ಅತ್ತಿಗಿ ಬೆಳಗೂದು. ಅತ್ತೀದು ಒಂದೇ ಹಟ, ಬರೂ ಸೊಸಿ ಬೆಳಗಬೇಕು, ಅಲ್ಲೇ ಮಂದಿ ಮುಂದ ಮಾತು ಪಕ್ಕಾ ಮಾಡಬೇಕು ಅಂತ. ಅದಕ್ಕೇ ನಿಮ್ಮನ್ನ ಕರದದ್ದು. ಶಿರೂರ ಅನಂತಪಾಳದಿಂದ ನಮ್ಮ ಅಣ್ಣತಮ್ಮರೆಲ್ಲ ಸಂಜಿಗಿ ಬರ್ಲತ್ತಾರ.”

ನನ್ನ ಬೆರಳು ಹಿಟ್ಟಿನಲ್ಲೇ ನಿಂತಿತು.

“ಈಗ?”

“ಈಗೇನು, ಅತ್ತಿ ಮುಖಾ ಸಣ್ಣದು ಮಾಡಿ ಕುಂತಾಳ. ದೀಪದ ದಿನಾನೇ ಹಿಂಗಾತಂದ್ರ ಬೀರಪ್ಪ ಬ್ಯಾಡ ಅಂದಂಗ ಅಂತಾಳ. ಈ ಸಂಬಂಧ ಬಿಡೂನು ಅಂತಾಳ. ನನಗ ಹುಡುಗಿ ಮನಸಿಗಿ ಬಂದಾಳಕ್ಕಾ, ಖರೇ ಹೇಳ್ತೀನಿ. ಆದರ ಆಕೀ ಮಾತು ಯಾರು ದಾಟಬೇಕು?”

ಕಾಲಿಗೆ ಹೆದರಿ ನಾನು ಹಾಕಿದ ಬೀಗ ಮನೆಯ ಬಾಗಿಲಿಗೇ ಬಿದ್ದಿತ್ತು. ಆದರೂ ವ್ಯಾಪಾರದವಳು ನಾನು, ಮುಗಿದ ಮಾತನ್ನೂ ಇನ್ನೊಮ್ಮೆ ಎಳೆದು ನೋಡುವವಳು.

“ಅದಕ್ಯಾಕ ಚಿಂತಿ ಮಾಡ್ತೀರಿ? ಇವತ್ತಿಗಿ ನಾಕನೇ ದಿನ ಆಕೀದು. ತಲಿ ಮ್ಯಾಲ ನೀರು ಹಾಕ್ಕೊಂಡ್ರ ನಡೀತದ.”

ಆಕೆ ಒತ್ತುತ್ತಿದ್ದ ದೀಪವನ್ನು ಕೆಳಗಿಟ್ಟಳು. “ಗಾಡಿ ಇಳಿದ ಮ್ಯಾಲ ಅಂದ್ರಿ ಮುಂಜಾನೆ.”

“ನಾ ಹಂಗ ಅಂದೆನಾ?”

“ಹಂಗೇ ಅಂದ್ರಿ.”

ಆಕೆ ಡಬ್ಬಿ ಎತ್ತಿಕೊಂಡು ಎದ್ದಳು. ಸುಳ್ಳು ಹೇಳಲೇಬೇಕಾದವರಿಗೆ ನನ್ನ ಸಲಹೆ ಇದು: ಅದು ಯಾವ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮತ್ತು ಒಮ್ಮೆ ಹೇಳಿದ ದಿನವನ್ನು ಬದಲಿಸಬೇಡಿ.

ಕಟ್ಟಡದೊಳಗೆ ಬೆಂಕಿ ಬೇಡ ಎಂದು ರಿಸಾರ್ಟಿನವರು ಹೇಳಿದ್ದರಿಂದ ತಿರುಗುವ ತೊಟ್ಟಿಲಿನ ಮುಂದಿನ ಹುಲ್ಲಿನ ಮೇಲೆ ಮೇಜು ಹಾಕಿದ್ದರು. ಬಂಧುಗಳೆಲ್ಲ ಬಂದು ನಿಂತಿದ್ದರು. ಪರಾತದ ಅಗಲ ತಟ್ಟೆಯಲ್ಲಿ ಹಿಟ್ಟಿನ ದೀಪಗಳು, ಪಕ್ಕದಲ್ಲಿ ಕೇಕು. ಅಜ್ಜಿ ಹೊಸ ಇಳಕಲ್ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಮುಖ ಮಾತ್ರ ಹಬ್ಬದ್ದಲ್ಲ. “ಯಾರರೆ ಬೆಳಗ್ರಿ, ಮುಗಿಸ್ರಿ,” ಎಂದಳು.

ಆಗ ಮಗಳು ಬಂದಳು. ಜನ ದಾರಿ ಬಿಟ್ಟರು, ಮುಟ್ಟಿನವಳು ತಾಗಬಾರದಲ್ಲ. ನನ್ನ ಮುಂದೆಯೇ ಹಾದು ಹೋಗಿ ಅಜ್ಜಿಯ ಎದುರು ನಿಂತಳು.

“ಆಯಿ, ನಾ ಹೊರಗಾಗಿಲ್ಲ. ನಮ್ಮವ್ವ ಸುಳ್ಳು ಹೇಳ್ಯಾಳ. ನನ್ನ ಕಾಲು ಸುಟ್ಟದ, ನೀವು ನೋಡಬಾರದಂತ.”

ಬಗ್ಗಿ ಸಲವಾರನ್ನು ಮೊಣಕಾಲಿನವರೆಗೆ ಎಳೆದಳು. ತಿರುಗುವ ತೊಟ್ಟಿಲಿನ ದೀಪಗಳ ಬೆಳಕು ಆ ಕಾಲಿನ ಮೇಲೆ ಕೆಂಪಾಗಿ, ಹಸಿರಾಗಿ ಬೀಳುತ್ತಿತ್ತು. ಅಷ್ಟು ವರ್ಷ ನಾನು ಯಾರಿಗೂ ಕಾಣದಂತೆ ಕಾಪಾಡಿದ ಕಾಲು ಅದು. ನಾನು ಹುಡುಗನ ಮುಖ ನೋಡಿದೆ. ಆಶ್ಚರ್ಯ ಕಾಣಲಿಲ್ಲ. ಇವನಿಗೆ ಮೊದಲೇ ಗೊತ್ತಿತ್ತೇ?

ಅಜ್ಜಿ ಮುಂದಕ್ಕೆ ಬಾಗಿ ಕಲೆಯ ಮೇಲೆ ಅಂಗೈ ಇಟ್ಟಳು. “ಬಿಸಲಾಗ ಉರೀತದೇನು?”

“ಇಲ್ಲ ಆಯಿ. ಚಳಿಗಾಲದಾಗ ಬಿಗೀತದ.”

“ಬೆಣ್ಣಿ ಹಚ್ಚಬೇಕು. ಎಣ್ಣಿ ಅಲ್ಲ, ಬೆಣ್ಣಿ.” ಕೈ ತೆಗೆದು ನನ್ನತ್ತ ತಿರುಗಿದಳು. “ಕಾಲು ನಾ ನೋಡ್ದೆ, ಅದರದು ಮುಗೀತು. ನಿನ್ನ ಮಾತು ಇನ್ನ ಮ್ಯಾಲ ನಾ ಹೆಂಗ ನಂಬಲವಾ?”

ನನ್ನ ಗಂಡ ನನ್ನ ಪಕ್ಕ ಬಂದು ನಿಂತಿದ್ದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

“ಹಂಗಾದ್ರ ಒಂದು ಕರಾರು,” ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. “ಮಾತುಕತಿಗಿ ಹುಡುಗಿ ಅಪ್ಪ ಕೂಡಬೇಕು. ಈಕಿ ಕೂಡೂ ಹಂಗಿಲ್ಲ, ನಡುವ ಬಾಯಿ ಹಾಕೂ ಹಂಗಿಲ್ಲ. ಒಪ್ಪಿಗಿದ್ರ ದೀಪ ಹಚ್ಚಲಿ. ಇಲ್ಲಂದ್ರ ಕೇಕ್ ತಿಂದು ಮನಿಗಿ ಹೋಗ್ರಿ.”

ನನ್ನ ಗಂಡನಿಗೆ ಚೌಕಾಶಿ ಬರುವುದಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಎನ್ನುವವರು. ಅವರ ಕೈಗೆ ಮಗಳ ಮದುವೆಯ ಮಾತು ಕೊಡುವುದೆಂದರೆ ಅಂಗಡಿಯ ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಅಜ್ಜಿಗೆ ಇದೂ ಗೊತ್ತಿತ್ತೇನೋ, ಅದಕ್ಕೇ ಕೇಳಿದಳೇನೋ ಎಂಬ ಅನುಮಾನ ಆಗಲೇ ಬಂದಿತು, ಇನ್ನೂ ಹೋಗಿಲ್ಲ. ಕಾಲನ್ನು ಬಿಟ್ಟುಕೊಟ್ಟು ನನ್ನನ್ನೇ ಮಾತಿನಿಂದ ಹೊರಗೆ ಹಾಕಿದಳಲ್ಲ! ವ್ಯಾಪಾರದಲ್ಲಿ ಇಂಥ ಕೈಯನ್ನು ನಾನು ಕಂಡಿರಲಿಲ್ಲ.

ಮಗಳು ನನ್ನನ್ನೇ ನೋಡುತ್ತಿದ್ದಳು. ಸಲವಾರನ್ನು ಇನ್ನೂ ಕೆಳಗೆ ಬಿಟ್ಟಿರಲಿಲ್ಲ.

“ಹೂಂ,” ಎಂದೆ.

ಅವಳು ಕಡ್ಡಿ ಗೀರಿದಳು. ಗಾಳಿಗೆ ಆರಿದ ದೀಪಗಳನ್ನು ಹುಡುಗನ ತಾಯಿ ಹಿಂದಿನಿಂದ ಹಚ್ಚುತ್ತ ಬಂದಳು. ಭಾರದ ಪರಾತವನ್ನು ಮಗಳು ಎತ್ತುವಾಗ ಹುಡುಗನ ತಂಗಿ ಒಂದು ಕಡೆ ಹಿಡಿದಳು. ಬೆಳಗುವಾಗ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಯಾವುದೋ ಮೂಲೆಯ ಸ್ಪೀಕರು ಹುಟ್ಟುಹಬ್ಬದ ಹಾಡು ಶುರುಮಾಡಿತು. ಶಿರೂರಿನಿಂದ ಬಂದವರು ಅದು ಮುಗಿಯಲಿ ಎಂದು ಕಾಯದೆ ಕೇಕಿಗೆ ಕೈ ಹಾಕಿದರು.

ಹಿಂದಿರುಗುವಾಗ ಜೀಪಿನಲ್ಲಿ ಮಗಳನ್ನು ಕೇಳಿದೆ, “ಅಂವಗ ನೀ ಮೊದಲೇ ಹೇಳಿದ್ದೇನು?”

“ನೀ ಕೇಳಬ್ಯಾಡ, ನಾ ಹೇಳಂಗಿಲ್ಲ,” ಎಂದಳು. ಇವಳು ಯಾರ ಹತ್ತಿರ ಕಲಿತಳೋ!

ಮಾತುಕತೆ ನಮ್ಮ ಮನೆಯಲ್ಲೇ ನಡೆಯಿತು. ನಡುಮನೆಯಲ್ಲಿ ಅವರೆಲ್ಲ, ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತ ಕಿವಿಯೆಲ್ಲ ಹೊರಗಿಟ್ಟು ನಿಂತಿದ್ದೆ. ಮದುವೆ ಉದಗೀರದಲ್ಲಿ ಎಂದರು. ನನ್ನ ಗಂಡ “ಆಗಲಿ” ಎಂದರು. ನಿಮ್ಮ ಕಡೆಯ ಜನ ಕಡಿಮೆ ಇರಲಿ ಎಂದರು. “ಆಗಲಿ.” ಮದುವೆಯಾದ ಮೇಲೆ ಹುಡುಗಿ ನಿಲಂಗಾದ ಕೆಲಸ ಬಿಟ್ಟು ಉದಗೀರದಲ್ಲಿ ನೋಡಿಕೊಳ್ಳಲಿ ಎಂದು ಯಾರೋ ಅಂದರು. ನನಗೆ ತಡೆಯಲಾಗಲಿಲ್ಲ. ಸೌಟಿನಿಂದ ಪಾತೇಲಿಯ ಅಂಚಿಗೆ ಒಂದು ಏಟು ಹೊಡೆದೆ.

“ಒಳಗ ಏನೋ ಬಾರಸ್ಲತ್ತದ ನೋಡ್ರಿ,” ಎಂದಿತು ಅಜ್ಜಿಯ ದನಿ.

ಯಾರೋ ನಕ್ಕರು. ಆಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ಕೆಲಸ ಬಿಡೂದು ಆಗಂಗಿಲ್ಲರೀ,” ಎಂದರು. “ಅದು ಹುಡುಗಿ ಮಾತು. ಆಕೀನೇ ಕೇಳ್ರಿ. ನಾನೂ ಹೇಳಂಗಿಲ್ಲ, ಒಳಗಿನಾಕೀನೂ ಹೇಳಂಗಿಲ್ಲ.”

ಮಗಳನ್ನು ಕರೆದರು. ನನ್ನ ಪಕ್ಕದಲ್ಲೇ ನಿಂತಿದ್ದ ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಹೋಗುವಾಗ ಅಡುಗೆಮನೆಯ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು. ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಅವಳು ಮೆಲ್ಲಗೆ, ಬೇಕೆಂದೇ ಮೆಲ್ಲಗೆ ಮಾತಾಡುತ್ತಿದ್ದಳು. ಒಂದು ಮಾತೂ ಕೇಳಿಸಲಿಲ್ಲ. ನಾನು ಒಲೆ ಆರಿಸಿ, ಪ್ಲೇಟುಗಳಿಗೆ ಉಪ್ಪಿಟ್ಟು ಹಾಕತೊಡಗಿದೆ.