ಎಂಟು ಹಲ್ಲಿನ ಗಾಲಿ

ಇವತ್ತು ಬೆಳಿಗ್ಗೆ ನಮ್ಮ ಮನೆಯೆದುರಿನ ಬೇವಿನ ಟೊಂಗೆಗಳನ್ನು ಕರೆಂಟಿನವರು ಕಡಿಸುತ್ತಿದ್ದರು. ಹಸಿ ಮರದ ಹೊಟ್ಟಿನ ವಾಸನೆ ಪೆಟ್ರೋಲಿನ ಹೊಗೆಯೊಂದಿಗೆ ಕಿಟಕಿಯಿಂದ ಒಳಗೆ ಬಂತು. ಬೇರೆಯವರಾಗಿದ್ದರೆ ಕಿಟಕಿ ಮುಚ್ಚುತ್ತಿದ್ದರು. ನಾನು ಪೇಪರು ಮಡಚಿಟ್ಟು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ಚೈನ್ ಗರಗಸದ ಸದ್ದು ಕೇಳಿದರೆ ನನಗೆ ಮೈಬೂಬ ನೆನಪಾಗುತ್ತಾನೆ. ಅವನು ನಮ್ಮ ಶಹಾಪುರ ಬಿಟ್ಟು ಆರು ವರ್ಷವಾಯಿತು.

ಮೈಬೂಬ ಮರ ಕೊಯ್ಯುವವನು. ಯಾರ ಬದುವಿನಲ್ಲಿ ಜಾಲಿ ಬೆಳೆದರೂ, ಯಾರ ಮಾಳಿಗೆಯ ಮೇಲೆ ಟೊಂಗೆ ವಾಲಿದರೂ ಅವನಿಗೇ ಕರೆ. ನಾನೋ ಹೈಸ್ಕೂಲಿನ ಗಣಿತದ ಮಾಸ್ತರ. ನಮ್ಮಿಬ್ಬರ ದೋಸ್ತಿ ಹೇಗೆಂದು ಕೇಳಬೇಡಿ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೇ ಬೆಂಚಿನ ಮೇಲೆ ವರ್ಷಗಟ್ಟಲೆ ಚಹಾ ಕುಡಿದರೆ ಅದು ತಾನಾಗಿ ಆಗುತ್ತದೆ.

ಅವನ ಕೆಲಸವೆಲ್ಲ ಕಿವಿಯ ಮೇಲೆ ನಡೆಯುತ್ತಿತ್ತು. ಎಂಜಿನ್ನಿನ ದನಿ ಒಂದಿಷ್ಟು ಇಳಿದರೆ ಸಾಕು, ಕೈ ಸಡಿಲ ಬಿಡುತ್ತಿದ್ದ. "ಒತ್ತಬಾರದ್ರಿ ಮಾಸ್ತರ," ಎನ್ನುತ್ತಿದ್ದ. "ಅದರ ಭಾರಕ್ಕ ಅದೇ ಇಳೀತದ. ಉಸಿರು ಕಟ್ಲಾಕತ್ತದ ಅಂದ್ರ ಕೈ ಎತ್ತಬೇಕು."

ನಾನು ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು. ಆದರೆ ಲೆಕ್ಕದ ಮಾಸ್ತರನ ಕೈ ಸುಮ್ಮನಿರುತ್ತದೆಯೇ? ಸರಪಳಿಯನ್ನು ಎಳೆಯುವ ಪುಟ್ಟ ಗಾಲಿಗೆ ಏಳು ಹಲ್ಲಿರುವುದನ್ನು ಒಂದು ಸಂಜೆ ಕಂಡುಹಿಡಿದೆ. ಎಂಜಿನ್ ಒಂದು ಸುತ್ತು ಸುತ್ತಿದರೆ ಸರಪಳಿ ಏಳು ಹಲ್ಲಿನಷ್ಟು ಮುಂದೆ ಹೋಗುತ್ತದೆ. ಎಂಟು ಹಲ್ಲಿದ್ದರೆ ಎಂಟರಷ್ಟು. ಅದೇ ಎಂಜಿನ್, ಅದೇ ಪೆಟ್ರೋಲು, ಕೊಯ್ತ ಮಾತ್ರ ಜೋರು. ಭಜಿ ಕಟ್ಟಿದ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಬಹಳ ಹೊತ್ತು ಆ ಕಾಗದ ನೋಡಿದ. ಮಾಸ್ತರು ಹೇಳಿದರೆಂದರೆ ಆಯಿತು ಎಂದು ಯಾದಗಿರಿಯಿಂದ ಎಂಟು ಹಲ್ಲಿನದನ್ನು ತಂದು ಹಾಕಿದ. ನಮ್ಮ ಹಿತ್ತಲಿನ ನುಗ್ಗೆ ಮರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತುಂಡಾಯಿತು. ನನಗೆ ಕೊಂಬು ಬಂತು. ಸ್ಟಾಫ್ ರೂಮಿನಲ್ಲಿ ವಾರವಿಡೀ ಅದೇ ಮಾತು.

ನನ್ನ ಲೆಕ್ಕದಲ್ಲಿ ಮರ ಇರಲಿಲ್ಲ, ನೋಡಿ. ದೊಡ್ಡ ಗಾಲಿ ಸರಪಳಿಯನ್ನು ಬೇಗ ಓಡಿಸುತ್ತದೆ, ನಿಜ. ಆದರೆ ಪ್ರತಿ ಸುತ್ತಿಗೂ ಎಂಜಿನ್ನಿನಿಂದ ಹೆಚ್ಚು ಬಲ ಬೇಡುತ್ತದೆ. ಮೆತ್ತನೆಯ ನುಗ್ಗೆಗೆ ಅದು ನಡೆಯಿತು. ಗಟ್ಟಿ ಮರದಲ್ಲಿ ಎಂಜಿನ್ನಿನ ಸುತ್ತೇ ಇಳಿದುಹೋದರೆ ಎಂಟು ಹಲ್ಲು ಕಟ್ಟಿಕೊಂಡು ಏನು ಮಾಡುವುದು?

ದೋರನಹಳ್ಳಿಯ ಗೌಡರೊಬ್ಬರ ಹೊಲದಲ್ಲಿ ಗಾಳಿಗೆ ಹಳೆಯ ಹುಣಸೆ ಉರುಳಿತ್ತು. ಸಂಜೆಯೊಳಗೆ ಅದನ್ನು ತುಂಡು ಮಾಡಿದರೆ ಆ ಬೇಸಿಗೆ ಅವರ ಬದುಗಳ ಜಾಲಿ ಕೊಯ್ಯುವ ಕೆಲಸವೆಲ್ಲ ಮೈಬೂಬನಿಗೆ ಎಂದು ಮಾತಾಗಿತ್ತು. ಭಾನುವಾರ. ನನ್ನ ಲೆಕ್ಕದ ವೈಭವ ನೋಡಲು ನಾನೂ ಹೋದೆ. ಸೇರಿದ ಜನಕ್ಕೆ ಗಾಲಿಯ ಗುಟ್ಟನ್ನು ಮೊದಲೇ ವಿವರಿಸಿಯೂ ಬಿಟ್ಟೆ. ಗರಗಸ ಹುಣಸೆಯ ಗಟ್ಟಿ ಕೆಚ್ಚಿನೊಳಗೆ ನಾಲ್ಕು ಬೆರಳು ಹೋಗುತ್ತಲೇ ಎಂಜಿನ್ ಕುಸಿಯಿತು. ಕೈ ಎತ್ತಿದರೆ ಏಳುತ್ತಿತ್ತು, ತಾಗಿಸಿದರೆ ಮತ್ತೆ ಕುಸಿಯುತ್ತಿತ್ತು. ಮಧ್ಯಾಹ್ನಕ್ಕೆ ಕ್ಲಚ್ಚಿನಿಂದ ಹೊಗೆ. ಗೌಡರು ಸಿಟ್ಟಿಗೆದ್ದು ರಂಗಂಪೇಟೆಯ ಇನ್ನೊಬ್ಬ ಮರ ಕೊಯ್ಯುವವನಿಗೆ ಫೋನು ಮಾಡಿದರು.

ಮೈಬೂಬ ಕೈ ಒರೆಸಿಕೊಂಡು, "ಚೈನ್ ಸರಿ ಮಸೀಲಿಲ್ರಿ ಗೌಡ್ರ. ತಪ್ಪು ನಂದೇ ಅದ," ಎಂದ.

ತಪ್ಪು ಗಾಲಿಯದೆಂದು ಹೇಳುವ ಬದಲು ನಾನು ಜನರ ಹಿಂದೆ ಸರಿದೆ. ಆ ಬೇಸಿಗೆಯ ಜಾಲಿಯೆಲ್ಲ ರಂಗಂಪೇಟೆಯವನ ಪಾಲಾಯಿತು. ಮರುದಿನ ಮೈಬೂಬನ ಗರಗಸದಲ್ಲಿ ಹಳೆಯ ಗಾಲಿ ಇತ್ತು. ಅವನು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾ ಮಾತ್ರ ಎಂದಿನಂತೆ ನಡೆಯಿತು. ತಪ್ಪಾದ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಮತ್ತೆ ಮಾಡಿ ಎಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಂಡವನು ನಾನು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಆ ಗರಗಸವೇ ಅವನ ಕಿವಿ ತಿಂದಿತು. ಎಂಜಿನ್ನಿನ ದನಿ ಕೇಳದಾದಾಗ ಅದನ್ನು ಮಾರಿ, ಹೈದರಾಬಾದಿನ ಮಗಳ ಮನೆ ಸೇರಿದ.

ಇವತ್ತು ಬೇವು ಕೊಯ್ಯುವವನು ಗರಗಸವನ್ನು ಮೈಭಾರ ಹಾಕಿ ಒತ್ತುತ್ತಿದ್ದ. ಎಂಜಿನ್ ನರಳುವುದು ಕಟ್ಟೆಯವರೆಗೂ ಕೇಳುತ್ತಿತ್ತು. ಕೂರಲಾಗಲಿಲ್ಲ. ಒಳಗೆ ಹೋಗಿ ಮೈಬೂಬನ ಮಗಳು ಶಾಹೀನಳಿಗೆ ಫೋನು ಮಾಡಿದೆ. ದೋರನಹಳ್ಳಿಯ ಹುಣಸೆಯ ಕೆಲಸ ಕೆಟ್ಟದ್ದು ನನ್ನ ಗಾಲಿಯಿಂದ, ತಪ್ಪು ನನ್ನದು, ನಿಮ್ಮಪ್ಪನಿಗೆ ಇಷ್ಟು ಹೇಳಮ್ಮ ಎಂದೆ. ಅವಳು ತಮ್ಮ ಮನೆಮಾತಿನಲ್ಲಿ ಎರಡು ಸಲ ಅವನ ಕಿವಿಯ ಹತ್ತಿರ ಕೂಗಿದಳು. ಆಮೇಲೆ ಅವನ ನಗು, ಕಿವಿ ಕೇಳದವರ ದೊಡ್ಡ ದನಿ.

"ಅವತ್ತೇ ಗೊತ್ತಿತ್ರಿ ಮಾಸ್ತರ. ಹಳೀ ಗಾಲಿ ನನ್ನ ಕಿಸೇದಾಗೇ ಇತ್ತು. ಅಷ್ಟು ಮಂದಿ ಮುಂದ, ನೀವು ನಿಂತಿರುವಾಗ, ಹ್ಯಾಂಗ ಬದಲು ಮಾಡ್ಲಿ?"

ಬದಲಿಸುವುದು ಹತ್ತು ನಿಮಿಷದ ಕೆಲಸ. ಎಷ್ಟೋ ಸಲ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಫೋನು ಮತ್ತೆ ಶಾಹೀನಳ ಕೈಗೆ ಬಂತು. ಅಬ್ಬಾಗೆ ಏನು ಹೇಳಲಿ ಎಂದು ಕೇಳಿದಳು.

"ಏನೂ ಬ್ಯಾಡಮ್ಮ," ಎಂದೆ. "ನಾನೇ ಬರ್ತೀನಿ. ಮನಿ ಅಡ್ರೆಸ್ ಹೇಳು."